ಕೊಪ್ಪಳದಲ್ಲಿದ್ದುಕೊಂಡು ಕೊಳಲನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ಆದರೆ ಬರೀ ಸಂಗೀತ ಕಛೇರಿ ನಂಬಿಕೊಂಡರೆ ಕಷ್ಟ. ಜಾತ್ರೆ, ಉತ್ಸವದ ದಿನಗಳಲ್ಲಿ ಕರೆ ಬರುತ್ತದೆ, ಮಿಕ್ಕ ತಿಂಗಳು ಮನೆ ನಡೆಸುವುದು ಪಾಠವೇ. ದೊಡ್ಡವರೂ ಹೀಗೆ ಹಲವು ಕೆಲಸ ಮಾಡಿದವರು. ಹೆಸರಾಂತ ಕೊಳಲು ವಾದಕ ಹರಿಪ್ರಸಾದ್ ಚೌರಾಸಿಯಾ 1957ರಲ್ಲಿ ಕಟಕ್ ಆಕಾಶವಾಣಿ ಸೇರಿದರು. ಮುಂದೆ ಸಂತೂರ್ ವಾದಕ ಶಿವಕುಮಾರ್ ಶರ್ಮಾ ಜೊತೆ ಸಿನಿಮಾಗಳಿಗೆ ಸಂಗೀತ ಕೊಟ್ಟರು, ಗುರುಕುಲವನ್ನೂ ಕಟ್ಟಿದರು.

ಮೊದಲು ನಿಮ್ಮ ಪದ್ಧತಿ ಆರಿಸಿಕೊಳ್ಳಿ. ಹಿಂದೂಸ್ತಾನಿ ಕೊಳಲು, ಅಂದರೆ ಬಾನ್ಸುರಿ, ಉದ್ದ, ಸಾಮಾನ್ಯವಾಗಿ ಬೆರಳಿಗೆ ಆರು ರಂಧ್ರ. ಕರ್ನಾಟಕ ಸಂಗೀತದ ಕೊಳಲು ಗಿಡ್ಡ, ಎಂಟು ರಂಧ್ರ. ಬೆರಳಿಡುವ ರೀತಿಯೇ ಬೇರೆ, ಸುಮ್ನೆ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ನಮ್ಮ ಕಡೆ ಹಿಂದೂಸ್ತಾನಿ ಕೇಳುವವರು ಜಾಸ್ತಿ ಅಲ್ವಾ? ಅದಕ್ಕೇ ಗಾಯನವನ್ನೂ ಕಲಿಯಿರಿ ಅಂತೀನಿ. ಬಂದಿಶ್ (ರಾಗ, ತಾಳಕ್ಕೆ ಕೂಡಿಸಿದ ಹಾಡು) ಹಾಡಿ ಗೊತ್ತಿದ್ದರೆ ಉಸಿರು ಎಲ್ಲಿ ನಿಲ್ಲಿಸಬೇಕು ಅಂತ ತಾನಾಗಿಯೇ ತಿಳಿಯುತ್ತದೆ. ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಹತ್ತಿರವೇ ಇದೆ, ಒಮ್ಮೆ ಹೋಗಿ ವಿಚಾರಿಸಿ.

ಸಂಯೋಜನೆಗೆ ದೂರ ಹೋಗಬೇಕಿಲ್ಲ. ವಚನಕ್ಕೆ, ಮಾನ್ವಿಯ ಜಗನ್ನಾಥದಾಸರ ಪದಕ್ಕೆ ರಾಗ ಹಾಕಿ ನೋಡಿ. ನಾಟಕ, ನೃತ್ಯದ ತಂಡಗಳಿಗೂ ಕೊಳಲು ಬೇಕೇ ಬೇಕು.

ಆಕಾಶವಾಣಿಯ ಆಡಿಷನ್ ಮಾತ್ರ ಬಿಡಬೇಡಿ. ರಾಯಚೂರು, ಹೊಸಪೇಟೆಯಲ್ಲಿ ಕೇಂದ್ರಗಳಿವೆ. ಆಡಿಷನ್‌ನಲ್ಲಿ ಗ್ರೇಡ್ (ದರ್ಜೆ) ಸಿಕ್ಕ ಕಲಾವಿದರೆಂದರೆ ಕಛೇರಿ ಏರ್ಪಡಿಸುವವರೂ ಪಾಠಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿಗಳೂ ಬೇಗ ನಂಬುತ್ತಾರೆ.