ಹಳೆಯ ಐಪಾಡ್ ಕೈಕೊಡುತ್ತಿದೆ: ರಿಪೇರಿ ಮಾಡಲೋ, ಹೊಸ ಪ್ಲೇಯರ್ ಕೊಳ್ಳಲೋ?

ನಿಮ್ಮದು 30 ಜಿಬಿಯ ಐದನೇ ತಲೆಮಾರಿನ ಐಪಾಡ್. ಫುಲ್ ಚಾರ್ಜ್ ಮಾಡಿದರೂ ಅರ್ಧ ಗಂಟೆಗೆ ಆಫ್ ಆಗುತ್ತದೆ, ನಡುನಡುವೆ ಟಿಕ್ ಟಿಕ್ ಎಂದು ಸದ್ದು ಮಾಡಿ ಹಾಡು ನಿಂತುಬಿಡುತ್ತದೆ, ಎಡಗಿವಿಗೆ ಏನೂ ಕೇಳಿಸುವುದಿಲ್ಲ ಅಂದಿದ್ದೀರಿ. ಎಸೆಯಬೇಡಿ, ರಿಪೇರಿ ಮಾಡಿ. ಕೆಟ್ಟಿರುವ ಲಕ್ಷಣವಿರುವ ಮೂರೂ ಭಾಗಗಳನ್ನು, ಅಂದರೆ ಬ್ಯಾಟರಿ, ಹಾರ್ಡ್ ಡಿಸ್ಕ್ ಮತ್ತು ಇಯರ್‌ಫೋನ್ ಜ್ಯಾಕನ್ನು, ಬೇರೆ ಬೇರೆಯಾಗಿ ಬದಲಾಯಿಸಬಹುದು. ನನ್ನ ಹತ್ತಿರವೂ ಇದೇ ಮಾಡೆಲ್ ಇದೆ, ಒಳಗಿನ ಅರ್ಧ ಸಾಮಾನು ಬದಲಾಗಿದೆ, ದಿನಾ ಬಳಸುತ್ತೇನೆ.

ಸ್ಕ್ರೂಡ್ರೈವರ್ ಹುಡುಕುವ ಮೊದಲು ಹಾಡುಗಳನ್ನು ಹೊರಗೆ ತೆಗೆಯಿರಿ, ಅದೂ ಇವತ್ತೇ. ಆ ಟಿಕ್ ಟಿಕ್ ಸದ್ದು ಹಾರ್ಡ್ ಡಿಸ್ಕಿನದು, ಅದು ಯಾವಾಗ ಪೂರ್ತಿ ಕೈಯೆತ್ತುತ್ತದೋ ಹೇಳಲಾಗದು. ಐಪಾಡನ್ನು ಕಂಪ್ಯೂಟರಿಗೆ ಜೋಡಿಸಿ, ಅಡಗಿಸಿಟ್ಟ ಫೋಲ್ಡರ್‌ಗಳು ಕಾಣುವಂತೆ ಸೆಟ್ಟಿಂಗ್ ಬದಲಿಸಿ. 'ಐಪಾಡ್ ಕಂಟ್ರೋಲ್' ಎಂಬ ಫೋಲ್ಡರ್ ಒಳಗೆ 'ಮ್ಯೂಸಿಕ್' ಇರುತ್ತದೆ. ಅಲ್ಲಿನ ಫೈಲುಗಳಿಗೆಲ್ಲ ನಾಲ್ಕಕ್ಷರದ ಅರ್ಥವಿಲ್ಲದ ಹೆಸರು. ಗಾಬರಿಯಾಗಬೇಡಿ, ಹಾಡಿನ ಹೆಸರು, ಗಾಯಕರು, ಆಲ್ಬಂ ಎಲ್ಲ ಫೈಲಿನ ಒಳಗಿನ ಟ್ಯಾಗ್‌ನಲ್ಲಿ ಭದ್ರವಾಗಿರುತ್ತವೆ. ಇಡೀ ಫೋಲ್ಡರ್ ಕಾಪಿ ಮಾಡಿಕೊಂಡರೆ ಸಾಕು, ಹೆಚ್ಚಿನ ಮ್ಯೂಸಿಕ್ ಪ್ರೋಗ್ರಾಂಗಳು ಓದಿಕೊಳ್ಳುತ್ತವೆ.

ಡಿಸ್ಕಿನ ಮೇಲೇ ಯಾಕೆ ಅನುಮಾನ ಅಂದರೆ, ಈ ಐಪಾಡ್ ಹಾಡನ್ನು ಡಿಸ್ಕಿನಿಂದ ಒಂದೇ ಸಮನೆ ಓದುವುದಿಲ್ಲ. ಡಿಸ್ಕ್ ಕೆಲವು ಸೆಕೆಂಡು ತಿರುಗಿ, ಮುಂದಿನ ಹಾಡುಗಳನ್ನು ಮೆಮೊರಿಗೆ ತುಂಬಿ, ಮತ್ತೆ ಮಲಗುತ್ತದೆ. ಬ್ಯಾಟರಿ ಉಳಿಸಲು ಮಾಡಿದ ಉಪಾಯ ಅದು. ಹಾಗಾಗಿ ಡಿಸ್ಕ್ ಹಾಳಾಗುತ್ತಿದ್ದರೆ ಒಂದೆರಡು ಹಾಡು ಸರಾಗವಾಗಿ ಬಂದು, ಮತ್ತೆ ತುಂಬಿಕೊಳ್ಳುವ ಹೊತ್ತಿಗೆ ಸಿಕ್ಕಿಕೊಳ್ಳುತ್ತದೆ. ಖಾತ್ರಿ ಬೇಕಿದ್ದರೆ ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ. ಸೇಬಿನ ಚಿಹ್ನೆ ಕಂಡ ಕೂಡಲೇ ಹಿಂದಿನ ಹಾಡಿನ ಬಟನ್ ಮತ್ತು ನಡುವಿನ ಬಟನ್ ಒತ್ತಿಹಿಡಿಯಿರಿ. ಪರೀಕ್ಷೆಯ ಮೆನು ತೆರೆಯುತ್ತದೆ, ಅದರಲ್ಲಿ ಹಾರ್ಡ್ ಡ್ರೈವ್ ವಿಭಾಗದ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ಲೆಕ್ಕ) ನೋಡಿ. 'ರೀಅಲಾಕ್ಸ್', 'ಪೆಂಡಿಂಗ್ ಸೆಕ್ಟರ್ಸ್' ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗಗಳ ಎಣಿಕೆ, ಅವುಗಳ ಎದುರು ದೊಡ್ಡ ಸಂಖ್ಯೆ ಇದ್ದರೆ ಡಿಸ್ಕಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ.

ಅದರ ಬದಲಿಗೆ ಇನ್ನೊಂದು ಹಳೇ 1.8 ಇಂಚಿನ ಡಿಸ್ಕ್ ಹಾಕಬೇಡಿ. ಅದಕ್ಕೂ ಇದರಷ್ಟೇ ವಯಸ್ಸಾಗಿರುತ್ತದೆ. ಅದೇ ಜಾಗದಲ್ಲಿ ಕೂರುವ, ಎಸ್‌ಡಿ ಕಾರ್ಡ್ ಹಿಡಿಯುವ ಸಣ್ಣ ಅಡಾಪ್ಟರ್ ಬೋರ್ಡುಗಳು ಸಿಗುತ್ತವೆ. ಐಫ್ಲ್ಯಾಶ್ ಎಂಬುದು ಇವುಗಳಲ್ಲಿ ಹೆಸರುವಾಸಿ. ತಿರುಗುವ ಭಾಗವೇ ಇಲ್ಲದ್ದರಿಂದ ಕೆಳಗೆ ಬಿದ್ದರೂ ಭಯವಿಲ್ಲ, ಚಾರ್ಜೂ ಹೆಚ್ಚು ಹೊತ್ತು ಬರುತ್ತದೆ. ಡಿಸ್ಕ್ ಹೋದ ಮೇಲೆ ಒಳಗೆ ಜಾಗ ಮಿಗುವುದರಿಂದ ಮೂಲಕ್ಕಿಂತ ದಪ್ಪನೆಯ ಬ್ಯಾಟರಿಯನ್ನೂ ಕೂರಿಸಬಹುದು. ಆದರೆ ಕಾರ್ಡ್ ಅಸಲಿಯಾಗಿರಬೇಕು. 256 ಜಿಬಿ ಅಂತ ಮೇಲೆ ಬರೆದು ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿ ಕಾರ್ಡುಗಳು ಬೇಕಾದಷ್ಟಿವೆ. ಹಾಕುವ ಮೊದಲು ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿಸಿ, ಓದಿಸಿ ನೋಡಿ. ಇನ್ನೊಂದು ಮಾತು: 30 ಜಿಬಿ ಮಾಡೆಲ್‌ನಲ್ಲಿ ಇರುವ ಮೆಮೊರಿ ಬರೀ 32 ಎಂಬಿ. ದೊಡ್ಡ ಕಾರ್ಡ್ ಹಾಕಿ ಹತ್ತಾರು ಸಾವಿರ ಹಾಡು ತುಂಬಿದರೆ ಮೂಲ ಸಾಫ್ಟ್‌ವೇರ್ ಒದ್ದಾಡುತ್ತದೆ. ಇರುವ ಸಂಗ್ರಹಕ್ಕೆ ತಕ್ಕಷ್ಟು ಕಾರ್ಡ್ ಹಾಕಿ, ಆಸೆಗೆ ತಕ್ಕಷ್ಟಲ್ಲ.

ಎಡಗಿವಿಯ ವಿಷಯಕ್ಕೆ ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ. ಆಮೇಲೆ ಟಾರ್ಚ್ ಬಿಟ್ಟು ಜ್ಯಾಕಿನ ತೂತಿನೊಳಗೆ ಇಣುಕಿ. ವರ್ಷಗಟ್ಟಲೆ ಜೇಬಿನಲ್ಲಿದ್ದ ಪ್ಲೇಯರ್ ಆದರೆ ತಳದಲ್ಲಿ ಬಟ್ಟೆಯ ನೂಲು, ಧೂಳು ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಒಳಹೋಗಲು ಬಿಡುವುದಿಲ್ಲ. ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಅಷ್ಟಕ್ಕೇ ಸರಿಹೋದರೆ ಒಂದು ಖರ್ಚು ಉಳಿಯಿತು. ಸರಿಹೋಗದಿದ್ದರೆ ಜ್ಯಾಕ್ ಮತ್ತು ಹೋಲ್ಡ್ ಸ್ವಿಚ್ (ಬಟನ್‌ಗಳನ್ನು ಲಾಕ್ ಮಾಡುವ ಸ್ವಿಚ್) ಒಂದೇ ಕೇಬಲಿನ ಮೇಲಿರುವ ಭಾಗ, ಸೇರಿಸಿಯೇ ಬದಲಾಯಿಸಬೇಕು.

ಬಿಚ್ಚುವಾಗ ಅವಸರ ಬೇಡ. ಹೋಲ್ಡ್ ಆನ್ ಮಾಡಿ, ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಮುಂಭಾಗಕ್ಕೂ ಸ್ಟೀಲ್ ಬೆನ್ನಿಗೂ ನಡುವಿನ ಸಂದಿಗೆ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿ. ಸ್ಟೀಲಿನ ಚಾಕು ಹಾಕಿದರೆ ಅಂಚು ಜನ್ಮಪೂರ್ತಿ ಗುರುತು ಉಳಿಸಿಕೊಳ್ಳುತ್ತದೆ. ತೆರೆದುಕೊಂಡಿತೆಂದು ಎರಡು ಭಾಗಗಳನ್ನು ಎಳೆದು ಬೇರೆ ಮಾಡಬೇಡಿ, ಬ್ಯಾಟರಿಯ ಕೇಬಲ್ ಮತ್ತು ಜ್ಯಾಕಿನ ಕೇಬಲ್ ಎರಡೂ ಬೆನ್ನಿನ ಭಾಗದಿಂದ ಬೋರ್ಡಿಗೆ ಹೋಗಿರುತ್ತವೆ. ಬೆರಳಿನಷ್ಟು ಸಂದಿ ಮಾಡಿಕೊಂಡು ಬ್ಯಾಟರಿ ಕೇಬಲನ್ನು ಹಿಡಿದಿರುವ ಪುಟ್ಟ ಕಂದು ಪಟ್ಟಿಯನ್ನು ಉಗುರಿನಲ್ಲಿ ಮೆಲ್ಲಗೆ ಎತ್ತಬೇಕು, ಆಮೇಲಷ್ಟೇ ಕೇಬಲ್ ಜಾರುತ್ತದೆ. ಆ ಪಟ್ಟಿ ಮುರಿದರೆ ಬೋರ್ಡಿಗೇ ಕೆಲಸ. ಬ್ಯಾಟರಿ ಅಂಟಿಕೊಂಡಿದ್ದರೆ ಚೂಪಾದ ಯಾವುದನ್ನೂ ತೂರಿಸಬೇಡಿ. ಉಬ್ಬಿದ್ದರಂತೂ ಚಾರ್ಜ್ ಹಾಕುವುದನ್ನು ಈಗಲೇ ನಿಲ್ಲಿಸಿ, ಕಂಪ್ಯೂಟರಿಗೆ ಜೋಡಿಸಿ ಹಾಡು ಕಾಪಿ ಮಾಡುವುದೂ ಬ್ಯಾಟರಿ ಬದಲಾಯಿಸಿದ ಮೇಲೆಯೇ. ಕೈ ನಡುಗುತ್ತದೆ ಅನ್ನಿಸಿದರೆ ಮೊಬೈಲ್ ರಿಪೇರಿ ಬಲ್ಲವರ ಕೈಗೆ ಕೊಡಿ.

ಜೋಡಿಸಿದ ಮೇಲೆ ಆಪಲ್‌ನ ಐಟ್ಯೂನ್ಸ್ ಪ್ರೋಗ್ರಾಂನಲ್ಲಿ (ಹೊಸ ಮ್ಯಾಕ್ ಆದರೆ ಫೈಂಡರ್‌ನಲ್ಲಿ) ರಿಸ್ಟೋರ್ ಮಾಡಿದರೆ ಕೆಲಸ ಮುಗಿಯಿತು. ಹಾಡಿನ ಗುಣಮಟ್ಟ ಕುಗ್ಗಿಸದ ಫ್ಲ್ಯಾಕ್ ಫೈಲುಗಳೂ ಓಡಬೇಕು, ಐಟ್ಯೂನ್ಸ್ ಸಹವಾಸವೇ ಬೇಡ ಅನ್ನುವುದಾದರೆ ರಾಕ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಅಚ್ಚುಕಟ್ಟು.

ಹೊಸದು ಕೊಳ್ಳಿ ಅಂತ ನಾನು ಹೇಳುವುದು ಎರಡೇ ಸಂದರ್ಭದಲ್ಲಿ. ಬೋರ್ಡಿಗೆ ನೀರು ಹೋಗಿದ್ದರೆ, ಅಥವಾ ಬ್ಲೂಟೂತ್ ಇಲ್ಲದೆ ನಿಮಗೆ ಆಗುವುದೇ ಇಲ್ಲ ಅಂದರೆ. ಆಗ ಸೋನಿ, ಫಿಯೋ ಕಂಪನಿಗಳ ಪ್ಲೇಯರ್‌ಗಳನ್ನು ನೋಡಿ. ಆಂಡ್ರಾಯ್ಡ್ ಇರುವ ಮಾಡೆಲ್‌ಗಳಲ್ಲಿ ಸ್ಟ್ರೀಮಿಂಗ್ ಆ್ಯಪ್‌ಗಳು ಓಡುತ್ತವೆ, ಆದರೆ ಆ ಆಂಡ್ರಾಯ್ಡ್ ಹಳತಾದಂತೆ ಆ್ಯಪ್‌ಗಳು ಒಂದೊಂದಾಗಿ ನಿಲ್ಲುತ್ತವೆ. ಬರೀ ಫೈಲ್ ಓಡಿಸುವವರಿಗೆ ಆಂಡ್ರಾಯ್ಡ್ ಇಲ್ಲದ ಮಾಡೆಲೇ ವಾಸಿ, ಮೆಮೊರಿ ಕಾರ್ಡ್ ಹಾಕುವ ಜಾಗ ಇದೆಯೇ ಅಂತ ನೋಡಿಕೊಂಡು ತೆಗೆದುಕೊಳ್ಳಿ.