ಭದ್ರತಾ ದೋಷ ಹುಡುಕುವ ಸಾಧನವನ್ನು ಎಐ ಏಜೆಂಟ್ ಬಳಸುವುದಾದರೆ, ಅದರ ವಿವರಣೆಯಲ್ಲಿ ಏನಿರಬೇಕು?

ಪ್ರಶ್ನೆಯನ್ನು ಯಾವ ರೂಪದಲ್ಲಿ ಕೇಳಬೇಕು ಎಂಬುದರಷ್ಟೇ ಸ್ಪಷ್ಟವಾಗಿ, ಖಾಲಿ ಉತ್ತರ ಬಂದರೆ ಅದರ ಅರ್ಥವೇನು ಎಂಬುದನ್ನೂ ಬರೆದಿರಬೇಕು. ಏಜೆಂಟ್, ಅಂದರೆ ಸಾಧನಗಳನ್ನು ತಾನೇ ಆರಿಸಿ ಬಳಸುವ ಎಐ ತಂತ್ರಾಂಶ, ಸಾಮಾನ್ಯವಾಗಿ ಸಾಧನದ ಒಳಗಿನ ಕೋಡನ್ನು ನೋಡುವುದಿಲ್ಲ; ಅದರ ಹೆಸರು, ವಿವರಣೆ ಮತ್ತು ಕೊಡಬೇಕಾದ ಮಾಹಿತಿಯ ಪಟ್ಟಿ ಇಷ್ಟನ್ನೇ ಓದಿಕೊಂಡು, ಅಲ್ಲಿ ಬಿಟ್ಟುಹೋದದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತದೆ.

ಓಎಸ್‌ವಿ ಎಂಬ ಮುಕ್ತ ದೋಷ ದತ್ತಾಂಶಕೋಶದಲ್ಲಿ ಒಂದು ಪ್ಯಾಕೇಜಿನ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ, ನಿರ್ದಿಷ್ಟ ಆವೃತ್ತಿಯನ್ನು ಪರಿಶೀಲಿಸಲು ಅದರ ಪೂರ್ಣ ಹೆಸರು, ಅದು ಸೇರಿದ ಭಂಡಾರ (ಮೇವನ್, ಪೈಪಿಐ, ಎನ್‌ಪಿಎಂ ಮುಂತಾದವು) ಮತ್ತು ಆವೃತ್ತಿ ಬೇಕು. 2021ರ ಡಿಸೆಂಬರ್‌ನಲ್ಲಿ ‘ಲಾಗ್4ಜೆ’ ಎಂಬ ಜಾವಾ ಪ್ಯಾಕೇಜಿನಲ್ಲಿ ಬಯಲಾದ ಲಾಗ್4ಶೆಲ್ ದೋಷ (ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಗುರುತು ಸಂಖ್ಯೆ ಸಿವಿಇ-2021-44228) ಅಲ್ಲಿ ದಾಖಲಾಗಿದೆ. ಆದರೆ ಮೇವನ್ ಬಳಸುವ ‘ಗುಂಪು:ಪ್ಯಾಕೇಜ್’ ರೂಪದ ಪೂರ್ಣ ಹೆಸರಿನ ಬದಲು ಬರೀ ‘ಲಾಗ್4ಜೆ’ ಎಂದು ಕೇಳಿದರೆ ಆ ದಾಖಲೆ ಸಿಗುವುದಿಲ್ಲ. ಏನೂ ಸಿಗದಿದ್ದುದನ್ನು ದೋಷವಿಲ್ಲ ಎಂದೇ ಓದಿಕೊಂಡ ಏಜೆಂಟ್, ಪ್ಯಾಕೇಜ್ ಸುರಕ್ಷಿತವೆಂದು ವರದಿ ಮಾಡಿಬಿಡಬಹುದು. ನನ್ನ ದೃಷ್ಟಿಯಲ್ಲಿ ಇದು ತಪ್ಪು ಎಚ್ಚರಿಕೆಗಿಂತಲೂ ಹೆಚ್ಚು ಅಪಾಯಕಾರಿ, ಏಕೆಂದರೆ ಆ ವರದಿಯನ್ನು ಯಾರೂ ಮತ್ತೆ ಪರಿಶೀಲಿಸುವುದಿಲ್ಲ. ಆದ್ದರಿಂದ ವಿವರಣೆಯಲ್ಲಿ ಪ್ರತಿ ಭಂಡಾರಕ್ಕೂ ಸರಿಯಾದ ಹೆಸರಿನ ಒಂದು ಉದಾಹರಣೆ ಕೊಟ್ಟು, ‘ಖಾಲಿ ಉತ್ತರವೆಂದರೆ ಈ ಹೆಸರು ಮತ್ತು ಆವೃತ್ತಿಗೆ ದಾಖಲೆ ಸಿಗಲಿಲ್ಲ ಎಂದಷ್ಟೇ, ಹೆಸರನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ’ ಎಂಬ ಮಾತನ್ನು ನೇರವಾಗಿ ಸೇರಿಸಬೇಕು.