ಒಂದೇ ನರ ಹೋಗುವ ಎರಡು ಸ್ನಾಯುಗಳಲ್ಲಿ ಒಂದು ಮಾತ್ರ ಸೊರಗುವುದೇಕೆ?

ಬಲ ಹೆಗಲಿನ ಎಂಆರ್‌ಐ ವರದಿಯಲ್ಲಿ ಹೆಗಲೆಲುಬಿನ ಹಿಂಬದಿಯ ಅಡ್ಡ ಏಣಿನ ಕೆಳಗಿರುವ ಇನ್ಫ್ರಾಸ್ಪೈನೇಟಸ್ ಸ್ನಾಯು ಮಾತ್ರ ಸೊರಗಿದೆ, ಏಣಿನ ಮೇಲಿರುವ ಸುಪ್ರಾಸ್ಪೈನೇಟಸ್ ಚೆನ್ನಾಗಿಯೇ ಇದೆ ಎಂದು ಬರೆದಿರುವುದನ್ನು ತಿಳಿಸಿ, ಎರಡಕ್ಕೂ ಸುಪ್ರಾಸ್ಕ್ಯಾಪುಲರ್ ನರವೇ ಹೋಗುವಾಗ ಇದು ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ಅಂಗರಚನಾಶಾಸ್ತ್ರ ಕಲಿಸುವವನಾದ ನನಗೆ ಇದರ ಉತ್ತರ ಆ ನರ ಸಾಗುವ ದಾರಿಯಲ್ಲೇ ಕಾಣುತ್ತದೆ.

ಕುತ್ತಿಗೆಯ 5 ಮತ್ತು 6ನೇ ನರಬೇರುಗಳು ಸೇರಿ ಆಗುವ, ತೋಳಿಗೆ ಹೋಗುವ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ ಮೇಲಿನ ಕಾಂಡದಿಂದ ಈ ನರ ಕವಲೊಡೆದು, ಕುತ್ತಿಗೆಯಿಂದ ಬೆನ್ನಿನವರೆಗೆ ಹರಡಿದ ಟ್ರಪೀಜಿಯಸ್ ಸ್ನಾಯುವಿನ ಅಡಿಯಲ್ಲಿ ಹಿಂದಕ್ಕೆ ಸರಿದು, ಸ್ಕ್ಯಾಪುಲಾ ಎಂಬ ಹೆಗಲೆಲುಬಿನ ಮೇಲಂಚಿನಲ್ಲಿರುವ ಒಂದು ಕಚ್ಚನ್ನು ತಲುಪುತ್ತದೆ. ಆ ಕಚ್ಚಿನ ಮೇಲೆ ಒಂದು ಅಸ್ಥಿರಜ್ಜು ಸೇತುವೆಯಂತೆ ಅಡ್ಡ ಬಿಗಿದಿರುತ್ತದೆ. ಸಾಮಾನ್ಯವಾಗಿ ನರ ಅದರ ಕೆಳಗೆ ನುಸುಳುತ್ತದೆ, ಜೊತೆಗೆ ಬರುವ ಅಪಧಮನಿ ಅದರ ಮೇಲೆ ಹಾಯುತ್ತದೆ. (ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಇವೆರಡನ್ನು ಅದಲುಬದಲು ಮಾಡದ ವರ್ಷವಿಲ್ಲ.) ಕಚ್ಚಿನ ಆಕಾರ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ; ಕೆಲವರಲ್ಲಿ ಅದು ಬಹುತೇಕ ಇರುವುದೇ ಇಲ್ಲ, ಇನ್ನು ಕೆಲವರಲ್ಲಿ ಅಸ್ಥಿರಜ್ಜು ಪೂರ್ತಿ ಎಲುಬಾಗಿ ಕಚ್ಚು ಒಂದು ರಂಧ್ರವೇ ಆಗಿಬಿಟ್ಟಿರುತ್ತದೆ.

ಕಚ್ಚನ್ನು ದಾಟಿದ ಕೂಡಲೇ ನರವು ಸುಪ್ರಾಸ್ಪೈನೇಟಸ್‌ಗೆ ಕವಲುಗಳನ್ನು ಕೊಡುತ್ತದೆ, ಹೆಗಲ ಕೀಲಿಗೂ ಎಳೆಗಳನ್ನು ಕಳುಹಿಸುತ್ತದೆ. ಆಮೇಲೆ ಹೆಗಲೆಲುಬಿನ ಹಿಂಬದಿಯ ಅಡ್ಡ ಏಣಿನ ಹೊರ ತುದಿಯನ್ನು ಬಳಸಿ, ಸ್ಪೈನೋಗ್ಲೀನಾಯ್ಡ್ ಕಚ್ಚಿನಲ್ಲಿ ಚೂಪಾಗಿ ತಿರುಗಿ, ಕೊನೆಗೆ ಇನ್ಫ್ರಾಸ್ಪೈನೇಟಸ್ ಸೇರುತ್ತದೆ. ಆದ್ದರಿಂದ ಮೊದಲನೆಯ ಕಚ್ಚಿನಲ್ಲಿ ನರ ಅದುಮಿಕೊಂಡರೆ ಎರಡೂ ಸ್ನಾಯುಗಳು ಸೊರಗುತ್ತವೆ. ಎರಡನೆಯದರಲ್ಲಿ ಅದುಮಿಕೊಂಡರೆ ಅಷ್ಟರೊಳಗೆ ತನ್ನ ಕವಲುಗಳನ್ನು ಪಡೆದಿರುವ ಸುಪ್ರಾಸ್ಪೈನೇಟಸ್ ಉಳಿದುಕೊಳ್ಳುತ್ತದೆ. ನಿಮ್ಮ ವರದಿ ಬೊಟ್ಟು ಮಾಡುವುದು ಹೆಚ್ಚಾಗಿ ಈ ಎರಡನೆಯ ತಿರುವಿನ ಕಡೆಗೆ.

ಅಲ್ಲಿ ಒತ್ತಡಕ್ಕೆ ಆಗಾಗ ಕಾಣುವ ಕಾರಣವೆಂದರೆ ನೀರುಗುಳ್ಳೆ. ಕೀಲಿನ ಬಟ್ಟಲಿನ ಅಂಚಿಗಿರುವ ಲೇಬ್ರಮ್ ಎಂಬ ಮೆದು ಅಂಚುಪಟ್ಟಿ ಹರಿದಾಗ ಕೀಲಿನ ದ್ರವ ಹೊರಗೆ ಜಿನುಗಿ ಈ ಇಕ್ಕಟ್ಟಿನಲ್ಲಿ ಶೇಖರವಾಗುತ್ತದೆ. ಗುಳ್ಳೆಯಿಲ್ಲದೆಯೂ, ಕೈಯನ್ನು ತಲೆಯ ಮೇಲಿಂದ ಪದೇಪದೇ ರಭಸವಾಗಿ ಬೀಸುವ ವಾಲಿಬಾಲ್ ಆಟಗಾರರಲ್ಲಿ ನರ ತಿರುವಿನಲ್ಲಿ ಎಳೆದಾಡಿಕೊಂಡು ಇದೇ ಸ್ಥಿತಿ ಉಂಟಾಗುವುದುಂಟು. ಸಾಮಾನ್ಯವಾಗಿ ಈ ನರಕ್ಕೆ ಚರ್ಮದ ಕವಲು ಇಲ್ಲದಿರುವುದರಿಂದ ಜೋಮು ಹಿಡಿಯುವುದಿಲ್ಲ, ನೋವೂ ಕಡಿಮೆಯಿರಬಹುದು. ಸ್ನಾಯು ಸೊರಗಿ ಬೆನ್ನ ಹಿಂದೆ ಬಿದ್ದ ತಗ್ಗನ್ನು ತಾವೇ ನೋಡಿಕೊಳ್ಳುವಂತಿಲ್ಲವಾದ್ದರಿಂದ ಅನೇಕರಿಗೆ ಅದು ತಡವಾಗಿ ತಿಳಿಯುತ್ತದೆ.

ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂದೋಳನ್ನು ಹೊರಕ್ಕೆ ತಿರುಗಿಸುವಾಗ ಬಲ ಕುಂದಿರುವುದು ಇನ್ಫ್ರಾಸ್ಪೈನೇಟಸ್ ದುರ್ಬಲವಾಗಿರುವುದರ ಗುರುತು. ಟೆರೆಸ್ ಮೈನರ್ ಎಂಬ ಪಕ್ಕದ ಸ್ನಾಯು ಆಕ್ಸಿಲರಿ ನರದಿಂದ ನಡೆಯುವುದರಿಂದ ಆ ಚಲನೆ ಪೂರ್ತಿ ನಿಲ್ಲುವುದಿಲ್ಲ. ಕುತ್ತಿಗೆಯ ನರಬೇರೇ ಕಾರಣವಾಗಿದ್ದರೆ ಹೆಗಲನ್ನು ಹೊದ್ದಿರುವ ಡೆಲ್ಟಾಯ್ಡ್ ಅಥವಾ ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯು ಕೂಡ ದುರ್ಬಲವಾಗುವುದು ಸಹಜ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಹರಿದಿದ್ದರೂ ಸ್ನಾಯು ಸೊರಗಬಲ್ಲದು. ಆದ್ದರಿಂದ ವರದಿಯಲ್ಲಿ ಸ್ನಾಯುರಜ್ಜು, ಲೇಬ್ರಮ್ ಮತ್ತು ಗುಳ್ಳೆಯ ಬಗ್ಗೆ ಏನಿದೆಯೆಂದು ಮೂಳೆತಜ್ಞರನ್ನು ಕೇಳಿ, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಎಂಜಿ ಪರೀಕ್ಷೆ ಬೇಕೇ ಎಂಬುದನ್ನೂ ಚರ್ಚಿಸಿ. ಗುಳ್ಳೆಯಿದ್ದರೆ ಬಹಳ ಕಾಲ ಮುಂದೂಡದಿರುವುದು ಒಳ್ಳೆಯದು, ಏಕೆಂದರೆ ದೀರ್ಘಕಾಲ ನರದ ಸಂಪರ್ಕವಿಲ್ಲದೆ ಕೊಬ್ಬಿಗೆ ತಿರುಗಿದ ಸ್ನಾಯು ಒತ್ತಡ ತೆಗೆದ ಮೇಲೂ ಮೊದಲಿನಂತಾಗುವುದು ಕಷ್ಟ.